ಹೊಲಿಗೆ ಬಿಚ್ಚಿದರೆ ಮುಗಿಯಲಿಲ್ಲ!

ಸಿನಿಮಾ ಪತ್ರಿಕೆಯಲ್ಲಿ ಸ್ಕ್ಯಾನಿಂಗ್ ಸೆಂಟರಿನ ಸುದ್ದಿಯೇ? ಎಂದು ಹುಬ್ಬೇರಿಸಬೇಡಿ, ಓದುಗ ಮಿತ್ರರೇ! ಯಾವ ತಾರೆಯ ಮೂಗು ನೆಟ್ಟಗಾಯಿತು, ಯಾರ ತುಟಿ ದಪ್ಪವಾಯಿತು, ಯಾರ ಮೈಕಟ್ಟು ಹೋದ ವರ್ಷ ಹೇಗಿತ್ತು, ಈ ವರ್ಷ ಹೇಗಾಯಿತು... ಇವನ್ನೆಲ್ಲ ಬಣ್ಣದ ಪುಟಗಳಲ್ಲಿ ಬರೆಯುವವರು ನಾವೇ. ಬಸ್ಸಿಗೆ ಕಾಯುತ್ತ ಓದುವವರು ನೀವೇ. "ಮೊದಲು", "ಆಮೇಲೆ" ಎಂದು ಎರಡು ಫೋಟೋ ಪಕ್ಕಪಕ್ಕ ಹಾಕಿಬಿಟ್ಟರೆ ಆ ಸಂಚಿಕೆ ಎರಡೇ ದಿನದಲ್ಲಿ ಖಾಲಿ! ಆದರೆ ಆ "ಆಮೇಲೆ" ಆದ ಹತ್ತು ವರ್ಷಕ್ಕೆ ಏನಾಯಿತು ಅಂತ ಯಾರಾದರೂ ಬರೆದದ್ದುಂಟಾ?

2022ರ ಮೇ ತಿಂಗಳಲ್ಲಿ ಕಿರುತೆರೆಯ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಆಪರೇಷನ್ನಿಗೆ ಹೋಗಿ ಪ್ರಾಣ ಬಿಟ್ಟಾಗ ಎಲ್ಲೆಲ್ಲೂ ಗದ್ದಲವೆದ್ದಿತು. ಪಾಪ, ಬರೀ 21 ವರ್ಷದ ಹುಡುಗಿ! ಆಸ್ಪತ್ರೆಯಲ್ಲಿ ಆದ ಸಾವು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಆಪರೇಷನ್ ಚೆನ್ನಾಗಿಯೇ ಆಗಿ, ಹೊಲಿಗೆ ಬಿಚ್ಚಿ, ಹುಡುಗಿ ನಗುತ್ತ ಮನೆಗೆ ಬಂದು, ಹತ್ತು ಹನ್ನೆರಡು ವರ್ಷ ಒಳಗಿರುವುದನ್ನು ಮರೆತೇಬಿಟ್ಟರೆ? ಅದನ್ನು ಯಾರು ನೋಡಬೇಕು? ಯಾವಾಗ ನೋಡಬೇಕು? ಇವತ್ತಿನ ನನ್ನ ಮಾತು ಅದರ ಬಗ್ಗೆ. ಬಾಯಿಬಿಟ್ಟು ಹೇಳಿಬಿಡುತ್ತೇನೆ, ಎದೆಯೊಳಗೆ ಇಡುವ ಸಿಲಿಕೋನ್ ಚೀಲದ ಬಗ್ಗೆ. ಇಂಪ್ಲಾಂಟ್ ಅಂತಾರಲ್ಲ, ಅದು.

ಇದು ನಾಯಕಿಯ ಕಥೆಯಲ್ಲ. ನಾಯಕಿಯ ಬೆನ್ನ ಹಿಂದೆ ಕುಣಿಯುವ ಹನ್ನೆರಡು ಹುಡುಗಿಯರಲ್ಲಿ ಒಬ್ಬಳ ಕಥೆ. ಅವಳು ನನ್ನ ದೊಡ್ಡಮ್ಮನ ಮಗಳು. ಅಕ್ಕ ಎಂದಷ್ಟೇ ಕರೆಯೋಣ. "ಹೆಸರೊಂದು ಹಾಕ್ಬೇಡ. ಮಿಕ್ಕಿದ್ದೆಲ್ಲ ಬರಿ" ಎಂದು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ.

ಎರಡನೇ ಸಾಲಿನ ಹುಡುಗಿ

ಅಕ್ಕ ಮೊಳಕಾಲ್ಮೂರಿನವಳು. ರೇಷ್ಮೆ ಸೀರೆ ನೇಯುವ ಮನೆ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದದ್ದು ಮಗ್ಗದ ಸದ್ದು, ಆದರೆ ಅವಳ ಕಾಲು ಹುಡುಕಿದ್ದು ಬೇರೆ ತಾಳ. ಹತ್ತೊಂಬತ್ತಕ್ಕೆ ಬೆಂಗಳೂರು ಸೇರಿದಳು. ಗ್ರೂಪ್ ಡ್ಯಾನ್ಸರ್ ಆದಳು. ಬೆಳ್ಳಿತೆರೆಯ ಮೇಲೆ ಅವಳ ಮುಖ ಹುಡುಕಬೇಕಾದರೆ ಮನೆಮಂದಿಯೇ ಕಣ್ಣರಳಿಸಿ ಕೂರಬೇಕು. ಎರಡನೇ ಸಾಲು, ಎಡಗಡೆಯಿಂದ ಮೂರನೆಯವಳು. ಒಂದು ಕ್ಷಣ ಕಂಡು ಮಾಯ!

2012ರಲ್ಲಿ ಅವಳಿಗೆ 25 ವರ್ಷ. ಹುಡುಗಿಯರನ್ನು ಒದಗಿಸುವ ಒಬ್ಬಾತ ಎಲ್ಲರ ಎದುರಿಗೇ, "ನಿಂಗೆ ಕಾಸ್ಟ್ಯೂಮ್ ನಿಲ್ಲಲ್ಲಮ್ಮ, ಮುಂದಿನ ಸಾಲು ಹೇಗೆ ಕೊಡ್ಲಿ?" ಎಂದನಂತೆ. ಅದಾದ ನಾಲ್ಕು ತಿಂಗಳಿಗೆ ಅಕ್ಕ ಕೂಡಿಟ್ಟ ದುಡ್ಡು ತೆಗೆದುಕೊಂಡು ಬೆಂಗಳೂರಿನ ಒಂದು ಕ್ಲಿನಿಕ್ಕಿಗೆ ಹೋದಳು. ಎರಡೂ ಕಡೆ ಸಿಲಿಕೋನ್ ಚೀಲ ಇಟ್ಟರು. ಹೊಲಿಗೆ ಬಿಚ್ಚಿದ ದಿನ, "ಇನ್ನು ಲೈಫ್‌ಲಾಂಗ್ ಯೋಚನೆ ಇಲ್ಲ, ಆರಾಮಾಗಿರಿ" ಎಂದರು. ಅಕ್ಕ ಆರಾಮಾಗಿದ್ದಳು. ಮುಂದಿನ ಸಾಲೂ ಸಿಕ್ಕಿತು. ನಾಲ್ಕೈದು ವರ್ಷ ಕುಣಿದಳು. ಮಂಡಿನೋವು ಬಂತು, ಹೊಸ ಹುಡುಗಿಯರು ಬಂದರು. 2017ರಲ್ಲಿ ಊರಿಗೆ ಬಂದು ಮದುವೆಯಾದಳು. ಭಾವ ನೇಕಾರರು, ಮಾತು ಕಮ್ಮಿ. ಅವರಿಗೆ ಎಲ್ಲ ಹೇಳಿಯೇ ಮದುವೆಯಾದದ್ದು. ಅತ್ತೆಗೆ ಮಾತ್ರ ಗೊತ್ತಿಲ್ಲ.

ಅಕ್ಕನನ್ನು ನೋಡಿ ಮೂಗು ಮುರಿಯುವವರಿದ್ದರೆ ಒಂದು ಮಾತು. ಈ ಚೀಲ ಇರುವುದು ಕುಣಿಯುವವರ ಮೈಯಲ್ಲಿ ಮಾತ್ರವಲ್ಲ. ಹಾಲಿವುಡ್ಡಿನ ಆಂಜೆಲಿನಾ ಜೋಲಿ 2013ರಲ್ಲಿ, ಕ್ಯಾನ್ಸರ್ ಬರುವ ಅಪಾಯ ವಂಶದಲ್ಲೇ ಇದೆಯೆಂದು ತಿಳಿದು, ಎರಡೂ ಸ್ತನದ ಅಂಗಾಂಶ ತೆಗೆಸಿ ಇಂಪ್ಲಾಂಟ್ ಇಡಿಸಿಕೊಂಡದ್ದನ್ನು ತಾನೇ ಪತ್ರಿಕೆಗೆ ಬರೆದಳು. ಕ್ಯಾನ್ಸರಿಗೆ ಒಂದು ಸ್ತನ ಕಳಕೊಂಡು, ಮತ್ತೆ ಆಕಾರ ಕಟ್ಟಿಸಿಕೊಂಡ ಹೆಂಗಸರು ನಮ್ಮ ನಡುವೆಯೂ ಇದ್ದಾರೆ. ಯಾಕೆ ಇಡಿಸಿಕೊಂಡೆ ಅನ್ನುವುದು ಅವರವರ ಮಾತು. ಇಟ್ಟ ಮೇಲೆ ನೋಡಿಸಿಕೊಳ್ಳುತ್ತಿದ್ದೀಯಾ ಅನ್ನುವುದೇ ನಮ್ಮ ಪ್ರಶ್ನೆ.

ಆಶಾ ಬಂದರೆ ಅಡುಗೆಮನೆಗೆ!

ಅಕ್ಕ ನನಗೆ ಫೋನ್ ಮಾಡಿದ್ದು 2024ರ ಬೇಸಿಗೆಯಲ್ಲಿ. ನೋವಿಗಲ್ಲ, ಬಾವಿಗಲ್ಲ. ಹೆದರಿಕೆಗೆ!

30 ವರ್ಷ ದಾಟಿದ ಎಲ್ಲರನ್ನೂ ಪರೀಕ್ಷೆ ಮಾಡುವ ಸರ್ಕಾರಿ ಕಾರ್ಯಕ್ರಮ ಇದೆಯಲ್ಲ? ಬಿ.ಪಿ., ಶುಗರ್ ನೋಡುತ್ತಾರೆ. ಬಾಯಿ, ಸ್ತನ, ಗರ್ಭಕೋಶದ ಬಾಯಿ, ಈ ಮೂರು ಕಡೆ ಕ್ಯಾನ್ಸರ್ ಇದೆಯಾ ಎಂದೂ ನೋಡುತ್ತಾರೆ. ಆಶಾ ಕಾರ್ಯಕರ್ತೆ ಪಟ್ಟಿ ಹಿಡಿದು ಮನೆಮನೆಗೆ ಬರುತ್ತಾಳೆ. ಎರಡು ಸಲ ಬಂದಾಗಲೂ ಅಕ್ಕ "ಒಲೆ ಮೇಲೆ ಹಾಲಿಟ್ಟೀನಿ" ಎಂದು ಅಡುಗೆಮನೆ ಸೇರಿದ್ದಾಳೆ. ಮೂರನೇ ಸಲ ಅತ್ತೆಯೇ, "ನಾನು ಹೋಗಿ ಬಂದೆ, ನೀನ್ಯಾಕೆ ಹೋಗಲ್ಲ?" ಎಂದು ಗದರಿದ್ದಾರೆ.

"ನರ್ಸಮ್ಮ ಮುಟ್ಟಿ ನೋಡಿದ್ರೆ ಗೊತ್ತಾಗ್ಬಿಡ್ತೈತೆ ಕಣೇ... ಊರೆಲ್ಲ ಆಗ್ತೈತೆ."

"ಅಕ್ಕಾ, ಹನ್ನೆರಡು ವರ್ಷದಲ್ಲಿ ಒಂದ್ ಸಲನಾದ್ರೂ ತೋರಿಸಿದ್ಯಾ?"

"ಏನು ತೋರಿಸ್ಲಿ? ನೋವೇ ಇಲ್ವಲ್ಲ."

ನೋಡಿ, ಎಡವಟ್ಟು ಇಲ್ಲೇ ಇರುವುದು. ಒಳಗಿನ ಚೀಲ ಮುಚ್ಚಿಡಬೇಕೆಂದು ಅಕ್ಕ ಎಲ್ಲ ಹೆಂಗಸರಿಗೂ ಬೇಕಾದ ಪರೀಕ್ಷೆಯನ್ನೇ ತಪ್ಪಿಸಿಕೊಳ್ಳುತ್ತಿದ್ದಳು. ಚೀಲ ಇದ್ದವರಿಗೆ ಸ್ತನ ಕ್ಯಾನ್ಸರ್ ಬರುವುದಿಲ್ಲ ಎಂದು ಯಾವ ದೇವರೂ ವರ ಕೊಟ್ಟಿಲ್ಲ! ಎಲ್ಲರಿಗೂ ಬರುವ ಹಾಗೆ ಅವರಿಗೂ ಬರಬಹುದು. ಸಾಲದೆಂಬಂತೆ, ಚೀಲದ್ದೇ ಬೇರೆ ಲೆಕ್ಕ.

ಚಳ್ಳಕೆರೆಯಲ್ಲಿ ನಮ್ಮ ಮನೆ. ಮಾರನೇ ದಿನವೇ ಬಸ್ಸು ಹತ್ತಿದೆ. ದಾರಿಯಲ್ಲಿ ತಳುಕು ಸಿಗುತ್ತದೆ. "ನಾಗರಹಾವು" ಚಿತ್ರದ ಕಥೆ ಬರೆದ ತ.ರಾ.ಸು. ಅವರ ಹೆಸರಿನಲ್ಲಿರುವ "ತ" ಅಕ್ಷರ ಇದೇ ಊರು. 1972ರ ಆ ಚಿತ್ರದಲ್ಲಿ ನಮ್ಮ ದುರ್ಗದ ಕೋಟೆ ಕಂಡದ್ದನ್ನು ಈ ಸೀಮೆಯ ಜನ ಇವತ್ತಿಗೂ ಮರೆತಿಲ್ಲ. ಸಿನಿಮಾ ಅಂದರೆ ಅಷ್ಟು ಹೆಮ್ಮೆ. ಅದೇ ಸಿನಿಮಾಕ್ಕೆಂದು ನಮ್ಮ ಹುಡುಗಿ ಮೈಗೆ ಕತ್ತರಿ ಹಾಕಿಸಿಕೊಂಡದ್ದು ಮಾತ್ರ ಬಾಯಿಬಿಟ್ಟು ಹೇಳುವ ಹಾಗಿಲ್ಲ!

ಒಳಗೆ ಏನಾಗುತ್ತದೆ?

ಪಿಯುಸಿ ಅರ್ಧಕ್ಕೇ ಬಿಟ್ಟವಳು ನಾನು. ಹಾಗಾಗಿ ಡಾಕ್ಟರುಗಳನ್ನು ಕೇಳಿ ಕೇಳಿ ನನಗೆ ಅರ್ಥವಾದ ಹಾಗೆಯೇ ಹೇಳುತ್ತೇನೆ.

ಈ ಚೀಲ ಇವತ್ತು ನಿನ್ನೆಯದಲ್ಲ. 1962ರಲ್ಲಿ ಅಮೆರಿಕದ ಹೂಸ್ಟನ್ ನಗರದಲ್ಲಿ ಕ್ರೋನಿನ್, ಜೆರೋ ಎಂಬ ಇಬ್ಬರು ಡಾಕ್ಟರುಗಳು ಮೊಟ್ಟಮೊದಲು ಇಟ್ಟರು. ಹೊರಗೊಂದು ರಬ್ಬರಿನಂಥ ಸಿಲಿಕೋನ್ ಹೊದಿಕೆ, ಒಳಗೆ ಮಂದವಾದ ಸಿಲಿಕೋನ್ ಜೆಲ್. ಇಷ್ಟೇ. ಹೊರಗಿನ ವಸ್ತು ಮೈಯೊಳಗೆ ಹೊಕ್ಕರೆ ಮೈ ಸುಮ್ಮನಿರುವುದಿಲ್ಲ. ಅದರ ಸುತ್ತ ತನ್ನದೇ ಒಂದು ಪೊರೆ ಕಟ್ಟುತ್ತದೆ. ಇದು ಎಲ್ಲರಿಗೂ ಆಗುವಂಥದ್ದು, ಹೆದರಬೇಕಾದ್ದಲ್ಲ. ಕೆಲವರಿಗೆ ಮಾತ್ರ ಆ ಪೊರೆ ಬಿಗಿದುಕೊಂಡು ಎದೆ ಗಟ್ಟಿಯಾಗುತ್ತದೆ, ಆಕಾರ ಕೆಡುತ್ತದೆ, ನೋಯುತ್ತದೆ. ಅದು ಕೈಗೆ ಸಿಗುತ್ತದೆ, ಕಣ್ಣಿಗೆ ಕಾಣುತ್ತದೆ.

ಕಾಣದೆ ಇರುವುದು ಇನ್ನೊಂದಿದೆ. ವರ್ಷಗಳು ಕಳೆದ ಹಾಗೆ ಚೀಲದ ಹೊದಿಕೆ ಸೀಳು ಬಿಡಬಹುದು. ನೀರು ತುಂಬಿದ ಚೀಲವಾದರೆ ಒಡೆದ ಕೂಡಲೇ ನೀರಿಳಿದು ಎದೆ ಚಪ್ಪಟೆಯಾಗುತ್ತದೆ, ಗೊತ್ತಾಗಿಬಿಡುತ್ತದೆ. ಸಿಲಿಕೋನ್ ಜೆಲ್ ಹಾಗಲ್ಲ. ಮಂದ ಪದಾರ್ಥ, ಎಲ್ಲೂ ಓಡುವುದಿಲ್ಲ. ಹೊದಿಕೆ ಒಡೆದರೂ ಸುತ್ತಲಿನ ಪೊರೆಯೊಳಗೆ ಹಾಗೇ ಕೂತಿರುತ್ತದೆ. ಆಕಾರ ಅದೇ, ನೋವಿಲ್ಲ, ಕನ್ನಡಿಯಲ್ಲಿ ನೋಡಿದರೆ ಏನೂ ವ್ಯತ್ಯಾಸವಿಲ್ಲ! ಕೈಯಲ್ಲಿ ಮುಟ್ಟಿ ನೋಡಿದ ಡಾಕ್ಟರಿಗೂ ಎಷ್ಟೋ ಸಲ ತಿಳಿಯುವುದಿಲ್ಲ. ಮುಂದೆ ಪೊರೆಯನ್ನೂ ದಾಟಿದರೆ ಜೆಲ್ ಸುತ್ತಲಿನ ಮಾಂಸಕ್ಕೆ, ಕಂಕುಳಿನ ಗಂಟುಗಳಿಗೆ ಸೇರಬಹುದು. ಆಗ ತೆಗೆಯುವುದು ಕಷ್ಟದ ಕೆಲಸ.

ಹಾಗಾಗಿಯೇ "ನೋವಿಲ್ಲ" ಅನ್ನುವುದು ಇಲ್ಲಿ ಸಮಾಧಾನದ ಮಾತಲ್ಲ. ನೋವಿಲ್ಲದಿದ್ದರೂ ನೋಡಿಸಬೇಕು.

ಎಷ್ಟು ವರ್ಷಕ್ಕೆ? ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಎಫ್.ಡಿ.ಎ. ಎಂಬ ಸರ್ಕಾರಿ ಸಂಸ್ಥೆಯಿದೆ. ಸಂಶಯ ಬಂದು 1992ರಲ್ಲಿ ಬರೀ ಅಂದಕ್ಕೆಂದು ಜೆಲ್ ಚೀಲ ಇಡುವುದನ್ನು ತಡೆದದ್ದೂ ಅದೇ, ಪರೀಕ್ಷೆಗಳೆಲ್ಲ ಆದ ಮೇಲೆ 2006ರಲ್ಲಿ ಮತ್ತೆ ಒಪ್ಪಿದ್ದೂ ಅದೇ. ಆಗ ಅದು ಹೇಳಿದ್ದು: ಆಪರೇಷನ್ನಾದ 3 ವರ್ಷಕ್ಕೊಂದು ಎಂ.ಆರ್.ಐ., ಆಮೇಲೆ 2 ವರ್ಷಕ್ಕೊಂದು. 2020ರಲ್ಲಿ ಅದನ್ನು ಸ್ವಲ್ಪ ಸಡಿಲಿಸಿತು. ಮೊದಲ ಪರೀಕ್ಷೆ 5ರಿಂದ 6 ವರ್ಷದೊಳಗೆ, ಆಮೇಲೆ 2ರಿಂದ 3 ವರ್ಷಕ್ಕೊಮ್ಮೆ. ಎಂ.ಆರ್.ಐ. ಆದರೂ ಸರಿ, ಅಲ್ಟ್ರಾಸೌಂಡ್ ಆದರೂ ಸರಿ. ನಡುವೆ ಏನಾದರೂ ತೊಂದರೆ ಕಂಡರೆ ವರ್ಷದ ಲೆಕ್ಕ ಬಿಟ್ಟು ಕೂಡಲೇ. ಈ ಚೀಲಗಳು ಜೀವಮಾನಕ್ಕೆಂದು ಮಾಡಿದ ವಸ್ತುಗಳಲ್ಲ ಎಂಬುದನ್ನು ಆಪರೇಷನ್ನಿಗೆ ಮೊದಲೇ ಹೆಂಗಸಿಗೆ ತಿಳಿಸಿ, ಪಟ್ಟಿಯೊಂದನ್ನು ಓದಿಸಿ, ಸಹಿ ಹಾಕಿಸಬೇಕೆಂದು 2021ರಲ್ಲಿ ಕಟ್ಟಪ್ಪಣೆಯನ್ನೂ ಮಾಡಿತು. "ಲೈಫ್‌ಲಾಂಗ್ ಯೋಚನೆ ಇಲ್ಲ" ಅಂದವರು ಈಗ ಏನು ಹೇಳುತ್ತಾರೋ!

"ಎಷ್ಟನೇ ತಿಂಗಳು?"

ಅಕ್ಕನನ್ನು ಚಳ್ಳಕೆರೆಗೆ ಕರೆತಂದೆ. ಸೀರೆ ಆರ್ಡರಿನ ನೆಪ. ನಮ್ಮದು ಎಣ್ಣೆ ಮಿಲ್ಲುಗಳ ಊರು, ಶೇಂಗಾ ವ್ಯಾಪಾರದ ಊರು. ಇಲ್ಲಿ ಸೀರೆಯ ಮಾತಿಗೆ ಬಂದೆವೆಂದರೆ ಯಾರೂ ಅನುಮಾನ ಪಡುವುದಿಲ್ಲ.

ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲೇ ದೊಡ್ಡ ಬೋರ್ಡು, "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ" ಅಂತ. ಬೆಂಚಿನ ತುಂಬ ಬಸುರಿಯರು. ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ ಅಕ್ಕನ ಮೊಣಕೈ ತಟ್ಟಿ, "ಎಷ್ಟನೇ ತಿಂಗಳಮ್ಮ?" ಎಂದಳು. ಅಕ್ಕ ನನ್ನ ಮುಖ ನೋಡಿದಳು. "ಹೊಟ್ಟೆನೋವಜ್ಜಿ" ಎಂದೆ. "ಹೊಟ್ಟೆನೋವಾದ್ರೆ ಜೀರಿಗೆ ಕಷಾಯ ಕುಡಿ, ಇಲ್ಯಾಕೆ ದುಡ್ಡು ಸುರೀತೀಯಾ?" ಎಂದು ಅಜ್ಜಿ ಬುದ್ಧಿ ಹೇಳಿದಳು. ಆ ಹೆದರಿಕೆಯಲ್ಲೂ ಇಬ್ಬರಿಗೂ ನಗು ತಡೆಯಲಿಲ್ಲ.

ಒಳಗೆ ಹೋದ ಮೇಲೆ ಅಕ್ಕನ ಬಾಯೇ ಕಟ್ಟಿಹೋಯಿತು. ಹೆಣ್ಣು ಡಾಕ್ಟರು. "ಏನಮ್ಮ ತೊಂದ್ರೆ?" ಎಂದು ಎರಡು ಸಲ ಕೇಳಿದರು. ನಾನು ಹೇಳಲು ಹೊರಟೆ. ಅಕ್ಕ ನನ್ನ ಕೈ ಹಿಡಿದು ತಡೆದಳು. ತಾನೇ ಹೇಳಿದಳು. "ಸಿಲಿಕೋನ್ ಹಾಕ್ಸಿದೀನಿ ಮೇಡಂ. ಹನ್ನೆರಡು ವರ್ಷ ಆತು."

ಡಾಕ್ಟರಮ್ಮ ಹುಬ್ಬೂ ಹಾರಿಸಲಿಲ್ಲ, ನಗಲೂ ಇಲ್ಲ. "ಹೇಳಿದ್ದು ಒಳ್ಳೇದಾಯ್ತು. ಹೇಳ್ದೆ ಇದ್ರೂ ಮೆಷಿನ್ನಲ್ಲಿ ಕಾಣುತ್ತೆ. ಆದ್ರೆ ಹೇಳಿದ್ರೆ ಏನನ್ನ ಹುಡುಕ್ಬೇಕು ಅಂತ ನಂಗೆ ಗೊತ್ತಾಗುತ್ತೆ" ಎಂದರು. ಹನ್ನೆರಡು ವರ್ಷ ಹೊತ್ತ ಗುಟ್ಟಿಗೆ ಸಿಕ್ಕ ಉತ್ತರ ಇಷ್ಟೇ. ಅಕ್ಕನಿಗೆ ಅಲ್ಲೇ ಕಣ್ಣು ತುಂಬಿತು.

ಆಮೇಲೆ ಪ್ರಶ್ನೆಗಳು ಶುರುವಾದವು. ಯಾವ ಕಂಪನಿಯದು? ನುಣುಪು ಮೈಯದೋ, ತರಿತರಿ ಮೈಯದೋ? ಸ್ನಾಯುವಿನ ಮೇಲೆ ಇಟ್ಟಿದ್ದಾರೋ, ಕೆಳಗೋ? ಯಾವ ಪ್ರಶ್ನೆಗೂ ಅಕ್ಕನ ಹತ್ತಿರ ಉತ್ತರವಿಲ್ಲ. ತನ್ನ ದುಡ್ಡು ಕೊಟ್ಟು, ತನ್ನ ಮೈಯೊಳಗೆ ಇಡಿಸಿಕೊಂಡ ವಸ್ತುವಿನ ಹೆಸರೇ ಅವಳಿಗೆ ಗೊತ್ತಿಲ್ಲ! ಮನೆಯ ಮಿಕ್ಸಿಗೂ ಬಿಲ್ಲು, ವಾರಂಟಿ ಕಾರ್ಡು ಜೋಪಾನ ಮಾಡುವವರು ನಾವು...

ಎಡಗಡೆ ಸರಿಯಾಗಿತ್ತು. ಬಲಗಡೆ ಬಂದಾಗ ಡಾಕ್ಟರಮ್ಮನ ಕೈ ನಿಂತಿತು. ತೆರೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಕಪ್ಪು ಚೀಲದೊಳಗೆ ಬಿಳಿ ಗೆರೆಗಳು, ಒಂದರ ಕೆಳಗೊಂದು. ಏಣಿಯ ಮೆಟ್ಟಿಲಿನ ಹಾಗೆ. ಒಡೆದ ಹೊದಿಕೆ ಮಡಿಕೆ ಮಡಿಕೆಯಾಗಿ ಜೆಲ್ಲಿನೊಳಗೆ ಮುಳುಗಿದ್ದರೆ ಹೀಗೆ ಕಾಣುತ್ತದಂತೆ. ಜೆಲ್ ಹೊರಗೆ ಹರಡಿದ್ದರೆ ಮಂಜು ಸುರಿದ ಹಾಗೆ ಮಬ್ಬು ಬಿಳುಪು ಕಾಣುತ್ತದಂತೆ. ಅದೇನೂ ಇರಲಿಲ್ಲ. "ಅಲ್ಟ್ರಾಸೌಂಡು ನೋಡೋರ ಕೈಮೇಲೆ ನಿಂತಿರುತ್ತೆ. ನಂಗೆ ಅನುಮಾನ ಇದೆ, ಖಾತ್ರಿ ಮಾಡ್ಕೊಳ್ಳೋಕೆ ಎಂ.ಆರ್.ಐ. ಮಾಡ್ಸಿ" ಎಂದು ಬರೆದುಕೊಟ್ಟರು.

ಒಂದು ಸ್ಟಿಕ್ಕರಿನ ಬೆಲೆ

ಆಪರೇಷನ್ ಮಾಡಿದ ಕ್ಲಿನಿಕ್ಕಿಗೆ ಫೋನ್ ಮಾಡಿದೆವು. ಹೆಸರು ಬೇಡ ಬಿಡಿ. "ಅಷ್ಟು ಹಳೇ ಫೈಲು ಇಲ್ಲ" ಎಂದರು. ಡಾಕ್ಟರು? "ಈಗ ಇಲ್ಲಿಲ್ಲ." ಅಕ್ಕ ತನ್ನ ಹಳೇ ಮೇಕಪ್ ಪೆಟ್ಟಿಗೆಯ ತಳದಲ್ಲಿ ಡಿಸ್ಚಾರ್ಜ್ ಚೀಟಿ ಹುಡುಕಿ ತೆಗೆದಳು. ಎರಡು ಕಡೆ ಸಿಲಿಕೋನ್ ಜೆಲ್ ಎಂದಿತ್ತು, ಅಳತೆ ಇತ್ತು. ಅಷ್ಟೇ. ಪ್ರತಿ ಚೀಲದ ಡಬ್ಬಿಯಲ್ಲೂ ಕಂಪನಿ ಹೆಸರು, ಮಾದರಿ, ನಂಬರು ಇರುವ ಸ್ಟಿಕ್ಕರುಗಳು ಇರುತ್ತವೆ. ಒಂದು ಆಸ್ಪತ್ರೆಯ ಫೈಲಿಗೆ, ಒಂದು ರೋಗಿಯ ಕೈಗೆ. ಅಕ್ಕನ ಕೈಗೆ ಆ ಸ್ಟಿಕ್ಕರು ಬಂದೇ ಇರಲಿಲ್ಲ.

ಒಂದು ಸ್ಟಿಕ್ಕರಿಗೆ ಇಷ್ಟು ರಾದ್ಧಾಂತವಾ ಅನ್ನಬೇಡಿ. ಫ್ರಾನ್ಸಿನ ಪಿ.ಐ.ಪಿ. ಎಂಬ ಕಂಪನಿಯ ಕಥೆ ಕೇಳಿ. ಮೈಯೊಳಗೆ ಇಡಲು ಒಪ್ಪಿಗೆ ಪಡೆದ ಸಿಲಿಕೋನಿನ ಬದಲು ಕಾರ್ಖಾನೆ ಬಳಕೆಯ ಅಗ್ಗದ ಸಿಲಿಕೋನ್ ತುಂಬಿಸಿ ಮಾರುತ್ತಿದ್ದದ್ದು 2010ರಲ್ಲಿ ಸಿಕ್ಕಿಬಿತ್ತು. ಹೊತ್ತಿಗೆ ಮುಂಚೆ ಒಡೆಯುತ್ತಿದ್ದ ಚೀಲಗಳು! ಅಷ್ಟರಲ್ಲಿ ಅವು ಹತ್ತಾರು ದೇಶಗಳ ಲಕ್ಷಾಂತರ ಹೆಂಗಸರ ಮೈ ಸೇರಿದ್ದವು. 2011ರ ಡಿಸೆಂಬರಿನಲ್ಲಿ ಫ್ರೆಂಚ್ ಸರ್ಕಾರ ತನ್ನ ದೇಶದ ಸುಮಾರು 30 ಸಾವಿರ ಹೆಂಗಸರಿಗೆ ತೆಗೆಸಿಬಿಡಿ ಎಂದಿತು. ಕಂಪನಿ ಕಟ್ಟಿದ ಝಾನ್ ಕ್ಲೋಡ್ ಮಾಸ್ ಎಂಬಾತನಿಗೆ 2013ರಲ್ಲಿ 4 ವರ್ಷದ ಜೈಲು ಶಿಕ್ಷೆಯಾಯಿತು. ಆಗ ಜಗತ್ತಿನ ಎಲ್ಲ ಕಡೆ ಹೆಂಗಸರು ಕೇಳಿದ್ದು ಒಂದೇ ಪ್ರಶ್ನೆ, "ನನ್ನೊಳಗೆ ಇರೋದು ಅದೇನಾ?" ಚೀಟಿ ಇದ್ದವಳಿಗೆ ಒಂದು ನಿಮಿಷದಲ್ಲಿ ಉತ್ತರ. ಇಲ್ಲದವಳಿಗೆ ನಿದ್ದೆ ಇಲ್ಲ. ಅಂಥ ಪಾಠ ಕಲಿತೇ ಬ್ರಿಟನ್ನಿನಲ್ಲಿ 2016ರಿಂದ ಇಂಪ್ಲಾಂಟುಗಳಿಗೊಂದು ದಾಖಲೆ ಪುಸ್ತಕ ತೆರೆದರು.

ಇನ್ನೊಂದು ಉದಾಹರಣೆ. 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಒಂದು ಬಗೆಯ ತರಿತರಿ ಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ಚೀಲದ ಸುತ್ತಲಿನ ಪೊರೆಯಲ್ಲಿ ಬರುವ, ಬಹಳ ಅಪರೂಪದ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿಗೂ ಅಂಥ ಮೈಗೂ ನಂಟು ಕಂಡದ್ದೇ ಕಾರಣ. ತೊಂದರೆ ಇಲ್ಲದವರು ಹೆದರಿ ತೆಗೆಸಬೇಕಾಗಿಲ್ಲ ಎಂದೂ ಎಫ್.ಡಿ.ಎ. ಆಗಲೇ ಹೇಳಿತು. ಆದರೆ ವರ್ಷಗಳಾದ ಮೇಲೆ ಒಂದು ಕಡೆಯ ಎದೆ ಇದ್ದಕ್ಕಿದ್ದಂತೆ ಊದಿಕೊಂಡರೆ ತಡಮಾಡಬಾರದು. ಒಳಗೆ ನೀರು ತುಂಬಿದೆಯಾ ಎಂದು ಅಲ್ಟ್ರಾಸೌಂಡಿನಲ್ಲಿ ನೋಡುತ್ತಾರೆ, ಇದ್ದರೆ ಸೂಜಿಯಲ್ಲಿ ತೆಗೆದು ಪರೀಕ್ಷಿಸುತ್ತಾರೆ. ಮೊದಲೇ ಗೊತ್ತಾದರೆ ಚೀಲವನ್ನೂ ಪೊರೆಯನ್ನೂ ತೆಗೆದು ಬಹುಮಂದಿಯನ್ನು ಗುಣಪಡಿಸಬಹುದು.

ಶಾವಿಗೆಯಂಥ ಗೆರೆ

ಬೆಂಗಳೂರಿಗೆ ಹೋಗುವುದೆಂದರೆ ಅತ್ತೆಗೆ ಏನಾದರೂ ಹೇಳಲೇಬೇಕು. ಭಾವ ಹಿಂದಿನ ರಾತ್ರಿ ತಾವೇ ಹೇಳಿದರಂತೆ. ಮಾತು ಕಮ್ಮಿಯ ಭಾವ! ಏನು ಹೇಳಿದರೋ, ಎಷ್ಟು ಹೇಳಿದರೋ, ಅಕ್ಕನಿಗೂ ಪೂರ್ತಿ ಗೊತ್ತಿಲ್ಲ. ಬೆಳಗ್ಗೆ ಹೊರಡುವಾಗ ಅತ್ತೆ ಬಾಗಿಲಿಗೆ ಬರಲಿಲ್ಲ. ಮೊಮ್ಮಗಳ ಜಡೆ ಹೆಣೆಯುತ್ತ ಒಳಗೇ ಕೂತಿದ್ದರು.

ಈ ಎಂ.ಆರ್.ಐ. ನಾವು ನೋಡಿದ ಹಾಗೆ ಅಂಗಾತ ಮಲಗಿಸಿ ಮಾಡುವಂಥದ್ದಲ್ಲ. ಬೋರಲು ಮಲಗಿಸುತ್ತಾರೆ. ಎದೆ ಕೆಳಗಿಳಿದು ಕೂರಲು ಎರಡು ಗುಳಿಗಳಿರುವ ಬೇರೆಯೇ ಸಾಧನ ಬೇಕು. ಅದಕ್ಕೇ ಎಂ.ಆರ್.ಐ. ಇದೆ ಎಂದ ಕೂಡಲೇ ಹೋಗಿಬಿಡಬಾರದು, "ಸ್ತನದ ಎಂ.ಆರ್.ಐ. ಮಾಡ್ತೀರಾ? ಸಿಲಿಕೋನ್ ಚೀಲ ನೋಡ್ತೀರಾ?" ಎಂದು ಮೊದಲೇ ಫೋನಿನಲ್ಲಿ ಕೇಳಬೇಕು. ಚೀಲ ಒಡೆದಿದೆಯಾ ಎಂದಷ್ಟೇ ನೋಡುವುದಾದರೆ ಬಣ್ಣದ ಇಂಜೆಕ್ಷನ್ ಬೇಕಾಗಿಲ್ಲ. ಅಕ್ಕ ಅರ್ಧ ಗಂಟೆಗೂ ಹೆಚ್ಚು ಅಲುಗಾಡದೆ ಮಲಗಿದ್ದಳು. "ಹಾಡಿನ ಟೇಕ್ ನಡುವೆ ಮಾಸ್ಟ್ರು ಫ್ರೀಜ್ ಅಂದ್ರೆ ನಿಂತ್ಕೊಳ್ತಿರ್ಲಿಲ್ವಾ, ಹಂಗೇ ಇದ್ದೆ. ಸದ್ದು ಮಾತ್ರ ಮಗ್ಗಕ್ಕಿಂತ ಜೋರು" ಎಂದಳು ಹೊರಗೆ ಬಂದು.

ಚಿತ್ರದಲ್ಲಿ ಬಲಗಡೆಯ ಚೀಲದೊಳಗೆ ಬಾಗಿ ಬಳುಕಿದ ಕಪ್ಪು ಗೆರೆಗಳು. ನಮ್ಮ ಶಾವಿಗೆ ಪಾತ್ರೆಯಲ್ಲಿ ಬಿದ್ದಿರುತ್ತದಲ್ಲ, ಹಾಗೆ. ಡಾಕ್ಟರುಗಳು ಆ ಗುರುತಿಗೆ ಇಟಲಿಯ ಒಂದು ಬಗೆಯ ಶಾವಿಗೆಯ ಹೆಸರನ್ನೇ ಇಟ್ಟಿದ್ದಾರೆ, "ಲಿಂಗ್ವೀನಿ" ಅಂತ! ಹೊದಿಕೆ ಒಡೆದು ಒಳಗೆ ಕುಸಿದಿದೆ, ಜೆಲ್ ಮಾತ್ರ ಇನ್ನೂ ಪೊರೆಯೊಳಗೇ ಇದೆ, ಹೊರಗೆ ಹೋಗಿಲ್ಲ. ಚಳ್ಳಕೆರೆಯ ಡಾಕ್ಟರಮ್ಮನ ಅನುಮಾನ ನಿಜವಾಯಿತು. ಯಾವಾಗ ಒಡೆದಿತ್ತೋ! ಎರಡು ವರ್ಷದ ಹಿಂದೋ, ಆರು ವರ್ಷದ ಹಿಂದೋ, ಯಾರೂ ಹೇಳಲಾರರು. ಅಕ್ಕ ಅಡುಗೆ ಮಾಡುತ್ತಿದ್ದಳು, ಜರಿ ಸುತ್ತುತ್ತಿದ್ದಳು, ಮಗಳನ್ನು ಸ್ಕೂಲಿಗೆ ಬಿಡುತ್ತಿದ್ದಳು. ಒಂದು ಸಣ್ಣ ನೋವೂ ಇಲ್ಲದೆ.

ಒಡೆದ ಜೆಲ್ ಚೀಲವನ್ನು ತೆಗೆಸುವುದೇ ಸರಿ ಎಂದರು. ಹೊಸದು ಇಡುವುದೋ ಬೇಡವೋ ನಿಮ್ಮ ಇಷ್ಟ ಎಂದರು. ಅಕ್ಕ ಎರಡನ್ನೂ ತೆಗೆಸಿದಳು, ಹೊಸದು ಬೇಡ ಎಂದಳು. ಕಂಪನಿಯ ಹೆಸರು ಗೊತ್ತಾದದ್ದು ಆಗಲೇ, ಹೊರತೆಗೆದ ಚೀಲದ ಬೆನ್ನ ಮೇಲಿದ್ದ ಅಚ್ಚಿನಿಂದ! ವಾಪಸ್ ಪಡೆದ ಪಟ್ಟಿಯಲ್ಲಿ ಇರುವಂಥದ್ದಲ್ಲ, ಸದ್ಯ. ಜೆಲ್ ಹೊರಗೆ ಹರಡಿರಲಿಲ್ಲವಾದ್ದರಿಂದ ಕೆಲಸ ಸಲೀಸಾಯಿತು. ಇನ್ನು ನಾಲ್ಕು ವರ್ಷ ಆಶಾ ಬಂದಾಗಲೆಲ್ಲ ಅಡುಗೆಮನೆ ಸೇರಿದ್ದರೆ?

ಅತ್ತೆಯ ಮಾತು ಹೇಳಲೇಬೇಕು. ಅಕ್ಕ ಮನೆಗೆ ಬಂದ ಮೇಲೆ ಒಂದು ವಾರ ಮಾತಾಡಲಿಲ್ಲ. ಬಿಸಿನೀರು ಕಾಯಿಸಿಟ್ಟರು, ಬೇಳೆಕಟ್ಟಿನ ಸಾರು ಮಾಡಿಟ್ಟರು, ಮಾತಿಲ್ಲ. ಎಂಟನೇ ದಿನ ಕೇಳಿದರಂತೆ, "ನಾವು ಮಾರೋ ಸೀರೆಗೆ ಜರಿ ಎಂಥದು ಅಂತ ಗಿರಾಕಿಗೆ ಹೇಳೇ ಕೊಡ್ತೀವಿ. ನಿನ್ ಮೈಗೆ ಹಾಕಿದ್ದು ಎಂಥದು ಅಂತ ನಿಂಗೇ ಹೇಳ್ಲಿಲ್ವಾ ಅವ್ರು?" ಅಷ್ಟೇ. ಸಿಟ್ಟು ಪೂರ್ತಿ ಇಳಿದಿದೆ ಎಂದು ನಾನು ಹೇಳಲಾರೆ. ಆದರೆ ಆ ಪ್ರಶ್ನೆ ಕೇಳಬೇಕಾದವರನ್ನೇ ಕೇಳಿದ್ದಾರೆ ಅನಿಸಿತು.

ಇಷ್ಟು ನೆನಪಿರಲಿ

ಇಡಿಸಿಕೊಂಡವರು, ಇಡಿಸಿಕೊಳ್ಳಬೇಕೆಂದಿರುವವರು, ಅವರ ಅಕ್ಕತಂಗಿಯರು, ಎಲ್ಲರಿಗೂ ಹೇಳುತ್ತೇನೆ.

ಒಂದು: ಸ್ಟಿಕ್ಕರು ಇರುವ ಕಾರ್ಡು ಕೈಗೆ ಬರದೆ ಆಸ್ಪತ್ರೆಯ ಬಾಗಿಲು ದಾಟಬೇಡಿ. ಹಳಬರಾದರೆ ಇವತ್ತೇ ಹೋಗಿ ಕೇಳಿ. ಸಿಕ್ಕಿದ್ದರ ಫೋಟೋ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ.

ಎರಡು: ವರ್ಷ ಎಣಿಸಿ. ಐದು ಆರು ದಾಟಿದ್ದರೆ ನೋವಿಲ್ಲದಿದ್ದರೂ ಒಂದು ಅಲ್ಟ್ರಾಸೌಂಡ್ ಮಾಡಿಸಿ. ಅನುಮಾನ ಬಂದರೆ ಎಂ.ಆರ್.ಐ.

ಮೂರು: ಮ್ಯಾಮೋಗ್ರಾಂ ಇರುವುದು ಕ್ಯಾನ್ಸರ್ ಹುಡುಕಲು, ಚೀಲ ಒಡೆದಿದೆಯಾ ಎಂದು ನೋಡಲು ಅದು ಸಾಲದು. ಒಂದು ಮಾಡಿಸಿದೆ ಎಂದು ಇನ್ನೊಂದನ್ನು ಬಿಡಬೇಡಿ. ಚೀಲ ಇದ್ದರೆ ಸ್ತನದ ಒಂದಷ್ಟು ಭಾಗ ಅದರ ಮರೆಗೆ ಹೋಗುತ್ತದೆ. ಮೊದಲೇ ಹೇಳಿದರೆ ಚೀಲವನ್ನು ಹಿಂದಕ್ಕೆ ಸರಿಸಿ, ಸ್ತನವನ್ನಷ್ಟೇ ಮುಂದೆಳೆದು, ಬೇರೆ ಚಿತ್ರಗಳನ್ನೂ ತೆಗೆಯುತ್ತಾರೆ. ಹೇಳದಿದ್ದರೆ ಅವರು ಹಾಗೆ ತೆಗೆಯುವುದಾದರೂ ಹೇಗೆ?

ನಾಲ್ಕು: ಊತ, ಗಂಟು, ಗಟ್ಟಿಯಾಗುವುದು, ಆಕಾರ ಬದಲಾಗುವುದು, ಕಂಕುಳಲ್ಲಿ ಗಂಟು, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ತೋರಿಸಿ.

ಐದು: ನರ್ಸಮ್ಮನಿಗೆ, ಡಾಕ್ಟರಿಗೆ, ಸ್ಕ್ಯಾನಿಂಗಿನವರಿಗೆ ಬಾಯಿಬಿಟ್ಟು ಹೇಳಿ. ಊರಿಗೆ ಹೇಳಬೇಕಾಗಿಲ್ಲ. ನೋಡುವವರಿಗೆ ಹೇಳಿದರೆ ಸಾಕು.

ಅಕ್ಕ ಈಗ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ತನ್ನ ಹೆಸರಿನ ಮುಂದೆ ಗುರುತು ಹಾಕಿಸಿಕೊಂಡಿದ್ದಾಳೆ. ಹಳೇ ಗ್ರೂಪಿನ ಮೂವರಿಗೆ ಫೋನ್ ಮಾಡಿದಳು. ಒಬ್ಬಳು "ನಂಗೇನೂ ಇಲ್ಲಪ್ಪ, ಯಾರು ಹೇಳಿದ್ದು?" ಎಂದು ಇಟ್ಟುಬಿಟ್ಟಳು. ಇನ್ನೊಬ್ಬಳು ಅವತ್ತೇ ಕಾರ್ಡು ಹುಡುಕಿ ಫೋಟೋ ಕಳಿಸಿದಳು, ಒಂಬತ್ತು ವರ್ಷವಾಗಿದೆ, ಈ ತಿಂಗಳು ಸ್ಕ್ಯಾನಿಂಗಿಗೆ ಹೋಗುತ್ತಾಳೆ. ಮೂರನೆಯವಳು ಇನ್ನೂ ಫೋನ್ ತೆಗೆದಿಲ್ಲ. ಅಕ್ಕ ದಿನಾ ಮಾಡುತ್ತಿದ್ದಾಳೆ.